ನೀವು ನಂಬ್ತೀರಾ ಅಂತ ಕೇಳಿದೆಯಲ್ಲ

ಚಿ. ಸುಮಾಳಿಗೆ ಮಾಮನ ಆಶೀರ್ವಾದಗಳು.

ನಿನ್ನ ಪತ್ರ ಬಂದು 11 ದಿನ ಆಯಿತು. ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಹಾಳೆ ಹರಿದು ಹಾಕಿದೆ. ಹೊಸ ಕೆಲಸದ ಸುದ್ದಿ ಓದಿ ಸಂತೋಷವಾಯಿತು. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದ ಮೂಲೆಯಲ್ಲಿ, ಜಾಗ ಉಳಿಯಿತು ಅಂತ ಬರೆದ ಹಾಗಿದ್ದ ಒಂದು ಸಾಲು. "ಮಾಮ, ನಾಳೆ ಯಾರಾದರೂ ನನ್ನ ಮುಖ ಅಂಟಿಸಿ ವಿಡಿಯೋ ಮಾಡಿ ಬಿಟ್ಟರೆ, ಅದು ನಾನಲ್ಲ ಅಂದರೆ ನೀವು ನಂಬ್ತೀರಾ?"

ನಿಜ ಹೇಳುತ್ತೇನೆ, ಮೊದಲು ಸಿಟ್ಟು ಬಂತು. ನನ್ನ ಹೆಗಲ ಮೇಲೆ ಕೂತು ಬೆಳೆದವಳು ನನ್ನನ್ನೇ ಹೀಗೆ ಕೇಳುವುದಾ ಅಂತ. ರಾತ್ರಿ ಮತ್ತೆ ಓದಿದೆ. ನೀನು "ಜನ ನಂಬ್ತಾರಾ" ಅಂತ ಕೇಳಿಲ್ಲ. ಜನ ನಂಬುತ್ತಾರೆ ಅಂತ ನೀನು ಆಗಲೇ ಒಪ್ಪಿಕೊಂಡುಬಿಟ್ಟಿದ್ದೀಯ. ನಿನಗೆ ಉಳಿದಿರುವ ಹೆದರಿಕೆ ಮನೆಯವರದ್ದು.

ನಿನ್ನ ಗೆಳತಿಗೆ ಯಾರೋ ಹೀಗೇ ಮಾಡಿದ್ದು ಕೇಳಿ ಸಂಕಟವಾಯಿತು. ಅವಳು ಅಷ್ಟೊಂದು ಫೋಟೋ ಹಾಕಿದ್ದೇ ತಪ್ಪು ಅಂತ ಆಫೀಸಿನಲ್ಲಿ ಮಾತಾಡಿಕೊಂಡರು ಅಂತ ಬರೆದಿದ್ದೀಯ. ಈ ಜಗಳ ಹಳೆಯದು. 1888ರಲ್ಲಿ ಕೊಡಾಕ್ ಕಂಪನಿ ಕೈಯಲ್ಲಿ ಹಿಡಿಯುವ ಕ್ಯಾಮೆರಾ ಮಾರಲು ಶುರು ಮಾಡಿತು. ಕಂಡಕಂಡವರ ಫೋಟೋ ತೆಗೆಯುವುದು ಸುಲಭವಾಯಿತು. ಎರಡೇ ವರ್ಷದಲ್ಲಿ, ಅಂದರೆ 1890ರಲ್ಲಿ, ಅಮೆರಿಕದ ವಾರನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಒಂದು ಲೇಖನ ಬರೆದರು. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕು, ಅದೂ ಒಂದು ಹಕ್ಕು ಅನ್ನುವುದು ಅವರ ವಾದ. ಅದಾಗಿ 130 ವರ್ಷ ದಾಟಿತು. ಈಗಲೂ ಪ್ರಶ್ನೆ ಕೇಳುವುದು ಫೋಟೋದಲ್ಲಿ ಇರುವವಳನ್ನೇ, ಮಾಡಿದವನನ್ನಲ್ಲ.

2023ರ ನವೆಂಬರಿನಲ್ಲಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೋಗೆ ಅಂಟಿಸಿ ಹರಿಬಿಟ್ಟಿದ್ದು ನಿನಗೆ ನೆನಪಿರಬೇಕು. ಆಗ ಅವರು ಬರೆದದ್ದನ್ನು ಓದಿದ್ದೆ. ತಾನು ಶಾಲೆಯಲ್ಲೋ ಕಾಲೇಜಿನಲ್ಲೋ ಇದ್ದಾಗ ಹೀಗೆ ಆಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ, ಊಹೆಗೂ ಸಿಗದು ಅಂದಿದ್ದರು. ಈಗ ಮನೆಯವರು, ಸ್ನೇಹಿತರು ಬೆನ್ನಿಗಿದ್ದಾರೆ ಅಂತಲೂ ಬರೆದಿದ್ದರು. ಅಷ್ಟು ದೊಡ್ಡ ನಟಿ ಕೂಡ ಕೊನೆಗೆ ಬಂದು ನಿಂತದ್ದು ನೀನು ನಿಂತ ಜಾಗದಲ್ಲೇ. ನನ್ನವರು ನನ್ನ ಜೊತೆ ಇದ್ದಾರಾ ಅನ್ನುವಲ್ಲಿ.

ಈಗ ನನ್ನ ಕಥೆಗೆ ಬರುತ್ತೇನೆ. ಬರಬಾರದು ಅಂತಲೇ ಮೂರು ಹಾಳೆ ಹರಿದದ್ದು.

ಡಾರ್ಕ್‌ರೂಮಿನಲ್ಲಿ, ಅಂದರೆ ಫೋಟೋ ತೊಳೆಯುವ ಕತ್ತಲೆ ಕೋಣೆಯಲ್ಲಿ, ನನ್ನ ಕೈ ಚುರುಕು ಅಂತ ನೀವೆಲ್ಲ ಹೇಳುತ್ತೀರಲ್ಲ, ಆ ಕೈಯ ಕಥೆ ಇದು. ಫೋಟೋ ಸುಳ್ಳು ಹೇಳುವುದಿಲ್ಲ ಅಂತ ಜನ ಅನ್ನುವಾಗ ನಾನು ಒಳಗೊಳಗೇ ನಗುತ್ತಿದ್ದೆ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾಗಿದ್ದು 1839ರಲ್ಲಿ. ಮರುವರ್ಷವೇ ಬಯಾರ್ ಅನ್ನುವ ಫ್ರೆಂಚ್ ಮನುಷ್ಯ, ತನಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅಂತ, ತಾನು ನೀರಿನಲ್ಲಿ ಮುಳುಗಿ ಸತ್ತ ಹಾಗೆ ತನ್ನದೇ ಫೋಟೋ ತೆಗೆದ. ಕಸುಬು ಹುಟ್ಟಿದ ಬೆನ್ನಿಗೇ ಸುಳ್ಳೂ ಹುಟ್ಟಿತು ನೋಡು. ನಮ್ಮ ಸ್ಟುಡಿಯೋದಲ್ಲಿ ಇದು ದಿನದ ಕೆಲಸ. ತೀರಿಹೋದ ಅಪ್ಪನನ್ನು ಮಗಳ ಮದುವೆಯ ಫೋಟೋದಲ್ಲಿ ನಿಲ್ಲಿಸಿಕೊಡಿ ಅನ್ನುವವರು, ಮುಚ್ಚಿದ ಕಣ್ಣು ತೆರೆಸಿಕೊಡಿ ಅನ್ನುವವರು. ಎನ್‌ಲಾರ್ಜರ್ ಅಂದರೆ ನೆಗೆಟಿವ್‌ನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಯಂತ್ರ. ಅದರ ಕೆಳಗೆ ಕಾಗದದ ಅರ್ಧಕ್ಕೆ ಕಪ್ಪು ರಟ್ಟು ಮುಚ್ಚಿ ಒಂದು ನೆಗೆಟಿವ್, ಆಮೇಲೆ ಇನ್ನರ್ಧ ಮುಚ್ಚಿ ಇನ್ನೊಂದು. ರಟ್ಟನ್ನು ಚೂರು ಅಲ್ಲಾಡಿಸುತ್ತಿದ್ದರೆ ಅಂಚು ಕಾಣುವುದಿಲ್ಲ. ಕೂಡಿದ ಪ್ರಿಂಟಿಗೆ ಬ್ರಷ್‌ನಲ್ಲಿ ಟಚ್ ಮಾಡಿ, ಅದರದ್ದೇ ಮತ್ತೊಂದು ಫೋಟೋ ತೆಗೆದರೆ ಮುಗಿಯಿತು. ಹೊಸ ನೆಗೆಟಿವ್‌ನಲ್ಲಿ ಜೋಡಣೆಯ ಗುರುತೇ ಇರುವುದಿಲ್ಲ.

ನನಗಾಗ 26. ನಿಮ್ಮಮ್ಮನ ಮದುವೆಗೆ ಎರಡು ವರ್ಷ ಮೊದಲು. ಒಬ್ಬ ಬಂದು ಎರಡು ಫೋಟೋ ಕೊಟ್ಟ. ಒಂದು ಗುಂಪಿನಲ್ಲಿ ನಿಂತ ಹೆಣ್ಣುಮಗಳದ್ದು, ಇನ್ನೊಂದು ಒಬ್ಬ ಗಂಡಸಿನದ್ದು. ಇಬ್ಬರನ್ನೂ ಪಕ್ಕಪಕ್ಕ ಕೂರಿಸಿಕೊಡಿ ಅಂದ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳುವ ಅಭ್ಯಾಸವೇ ಇರಲಿಲ್ಲ. ಅವಳಿಗೆ ಬೆಳಕು ಎಡದಿಂದ ಬಿದ್ದಿತ್ತು, ಅವನಿಗೆ ಬಲದಿಂದ. ಅದನ್ನು ಸರಿಮಾಡಲು ಮೂರು ರಾತ್ರಿ ಕೂತೆ. ಪ್ರಿಂಟ್ ನೋಡಿ ಮಾಲೀಕರು ಬೆನ್ನು ತಟ್ಟಿದರು. ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ.

ಒಂದು ತಿಂಗಳಾದ ಮೇಲೆ ಆ ಹೆಣ್ಣುಮಗಳೇ ಸ್ಟುಡಿಯೋಗೆ ಬಂದಳು. ಫೋಟೋದ ಹಿಂದಿದ್ದ ನಮ್ಮ ಮುದ್ರೆ ನೋಡಿಕೊಂಡು ಬಂದಿದ್ದಳು. ಇದು ಜೋಡಿಸಿದ್ದು ಅಂತ ಒಂದು ಸಾಲು ಬರೆದುಕೊಡಿ, ಅಷ್ಟು ಸಾಕು ಅಂತ ಬೇಡಿಕೊಂಡಳು. ಕೆಲಸ ಹೋಗಿತ್ತು. ಅದಕ್ಕೆ ಅವಳು ಅಳಲಿಲ್ಲ. "ಅಣ್ಣನೂ ನಂಬಿಬಿಟ್ಟ" ಅನ್ನುವಾಗ ಮಾತ್ರ ದನಿ ಒಡೆಯಿತು. ಮಾಲೀಕರು ನಮಗೇನೂ ಗೊತ್ತಿಲ್ಲ ಅಂದರು. ನಾನು ಡಾರ್ಕ್‌ರೂಮಿನ ಪರದೆಯ ಹಿಂದೆ ನಿಂತಿದ್ದೆ. ಅವನು ಕೊಟ್ಟ ಫೋಟೋಗಳಿಂದ ಮಾಡಿಕೊಂಡಿದ್ದ ಎರಡೂ ನೆಗೆಟಿವ್ ಬೇರೆಬೇರೆಯಾಗಿ ನನ್ನ ಡಬ್ಬಿಯಲ್ಲೇ ಇದ್ದವು. ಪರದೆ ಸರಿಸಿ ಎರಡು ಹೆಜ್ಜೆ ಇಟ್ಟಿದ್ದರೆ ಆಗಿತ್ತು.

ಇಡಲಿಲ್ಲ, ಸುಮಾ.

ಇದನ್ನು ನಿಮ್ಮಮ್ಮನಿಗೂ ಹೇಳಿಲ್ಲ. ನಿಮ್ಮತ್ತೆಗೂ ಹೇಳಿರಲಿಲ್ಲ. ನೀನು "ನಂಬ್ತೀರಾ" ಅಂತ ಕೇಳಿದಾಗ ನನಗೆ ಕಂಡದ್ದು ನಿನ್ನ ಮುಖ ಅಲ್ಲ, ಅವಳದ್ದು. ಅವಳೂ ಯಾರನ್ನೋ ಹೀಗೇ ಕೇಳಿರಬೇಕು.

1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ ಇಬ್ಬರು ಹುಡುಗಿಯರು ರಟ್ಟಿನಲ್ಲಿ ಕತ್ತರಿಸಿದ ಯಕ್ಷಿಣಿಯರನ್ನು ಪಿನ್ನಿನಿಂದ ನಿಲ್ಲಿಸಿ ಫೋಟೋ ತೆಗೆದಿದ್ದರು. ತಜ್ಞರೊಬ್ಬರು ಪರೀಕ್ಷೆ ಮಾಡಿ ನೆಗೆಟಿವ್‌ನಲ್ಲಿ ಮೋಸವಿಲ್ಲ ಅಂದರು. ಇರಲಿಲ್ಲ ಕೂಡ, ಮೋಸ ಇದ್ದದ್ದು ಕ್ಯಾಮೆರಾದ ಮುಂದೆ. ಷರ್ಲಾಕ್ ಹೋಮ್ಸ್ ಬರೆದ ಕಾನನ್ ಡಾಯ್ಲ್ ಅಂಥವರೇ ನಂಬಿ 1920ರಲ್ಲಿ ಅಚ್ಚು ಹಾಕಿಸಿದರು. ಅಷ್ಟು ದೊಡ್ಡವರು ನಂಬಿದ ಮೇಲೆ ಹೇಳುವುದು ಹೇಗೆ ಅಂತ ಇಬ್ಬರೂ ಸುಮ್ಮನಾದರು. ಒಪ್ಪಿಕೊಂಡದ್ದು 1983ರಲ್ಲಿ, ಮುದುಕಿಯರಾದ ಮೇಲೆ. ಅವರದ್ದು ಮಕ್ಕಳಾಟ, ಯಾರ ಕೆಲಸವೂ ಹೋಗಲಿಲ್ಲ. ಆದರೂ ಅದನ್ನು ಓದಿದಾಗಲೆಲ್ಲ ನನಗೆ ಆ ಪರದೆ ನೆನಪಾಗುತ್ತದೆ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ಆದರೂ ತೋಚಿದ್ದು ಬರೆಯುತ್ತೇನೆ, ಬೇಡವಾದರೆ ಬಿಟ್ಟುಬಿಡು. ಅಂಥದ್ದೇನಾದರೂ ಕಂಡರೆ ಗಾಬರಿಯಲ್ಲಿ ಎಲ್ಲ ಅಳಿಸಿಹಾಕಬೇಡ. ಯಾವ ಖಾತೆ, ಯಾವ ಲಿಂಕ್, ಯಾವ ದಿನ ಅಂತ ಮೊದಲು ಬರೆದಿಡು, ದೂರು ಕೊಡಲು ಬೇಕಾಗುತ್ತದೆ. ಕೆಳಗೆ ಕಾಮೆಂಟ್ ಹಾಕುವವರ ಜೊತೆ ವಾದಕ್ಕೆ ಇಳಿಯಬೇಡ. ಅಲ್ಲಿ ಯಾರೂ ಕೇಳಿಸಿಕೊಳ್ಳಲು ಬಂದಿರುವುದಿಲ್ಲ, ಅಲ್ವಾ?

ನಿನ್ನ ಗೆಳತಿಗೆ ಸ್ಟಾಪ್‌ಎನ್‌ಸಿಐಐ (StopNCII.org) ಅನ್ನುವ ವೆಬ್‌ಸೈಟ್ ಇದೆ ಅಂತ ಹೇಳು. 2021ರಿಂದ ನಡೆಯುತ್ತಿದೆ. ಒಪ್ಪಿಗೆ ಇಲ್ಲದೆ ಹರಡುವ ಖಾಸಗಿ, ಬೆತ್ತಲೆ ಚಿತ್ರ, ವಿಡಿಯೋಗಳಿಗೆ ಇರುವುದು ಅದು. ಚಿತ್ರವನ್ನು ಅವರಿಗೆ ಕಳಿಸಬೇಕಾಗಿಲ್ಲ. ನಮ್ಮ ಫೋನಿನಲ್ಲೇ ಅದರ ಬೆರಳಚ್ಚಿನಂಥ ಒಂದು ಗುರುತು ತಯಾರಾಗಿ, ಅಷ್ಟೇ ಹೋಗುತ್ತದೆ. ಅದಕ್ಕೆ ಸೇರಿದ ಕಂಪನಿಗಳು ಆ ಗುರುತು ಹಿಡಿದು ಚಿತ್ರ ಹರಡದಂತೆ ತಡೆಯುತ್ತವೆ. ಎಲ್ಲ ಕಡೆ ತಡೆಯಲು ಆಗುವುದಿಲ್ಲ. ಇಷ್ಟಾದರೂ ಇದೆ.

ಸುಳ್ಳು ವಿಡಿಯೋ ಕಂಡುಹಿಡಿಯುವ ಉಪಾಯ ಹೇಳಿ ಅಂತಲೂ ನೀನು ಕೇಳಿದ್ದೆ. ಇದರಲ್ಲಿ ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಅಂಥ ವಿಡಿಯೋಗಳಲ್ಲಿ ಮುಖ ಸರಿಯಾಗಿ ಕಣ್ಣು ಮಿಟುಕಿಸುವುದಿಲ್ಲ ಅಂತ 2018ರಲ್ಲಿ ಸಂಶೋಧಕರು ತೋರಿಸಿದ್ದರು. ಸ್ವಲ್ಪ ದಿನಕ್ಕೇ ಚೆನ್ನಾಗಿ ಮಿಟುಕಿಸುವ ವಿಡಿಯೋಗಳು ಬಂದವು. ಮೂಗಿನ ನೆರಳು ನೋಡು ಅಂತ ನಾನು ಹೇಳಬಹುದು. ಆದರೆ ನೆರಳನ್ನು ಸರಿಮಾಡುವವನೂ ನನ್ನಂಥವನೇ.

ಹಾಗಾಗಿ ನಂಬ್ತೀನಿ ಅಂತ ಒಂದೇ ಮಾತಿನಲ್ಲಿ ಬರೆದು ಮುಗಿಸಲು ಮನಸ್ಸು ಒಪ್ಪಲಿಲ್ಲ. ವಿಡಿಯೋ ಕಣ್ಣಿಗೆ ಬಿದ್ದ ತಕ್ಷಣ ನನ್ನ ಎದೆಯೂ ಧಸಕ್ ಅನ್ನಬಹುದು. ಕಣ್ಣಿಗೆ ಕಂಡದ್ದನ್ನು ಒಂದು ಗಳಿಗೆ ನಿಜ ಅಂದುಕೊಂಡುಬಿಡುತ್ತೇನೋ ಏನೋ. ಆದರೆ ನಿನ್ನನ್ನು ಕೇಳದೆ ಒಬ್ಬರ ಹತ್ತಿರವೂ ಅದರ ಮಾತಾಡುವುದಿಲ್ಲ. ನೀನು ಅಲ್ಲ ಅಂದ ಮೇಲೆ, ನಮ್ಮ ಮನೆಯವರಿರಲಿ, ನಿನ್ನ ಆಫೀಸಿನವರಿರಲಿ, ಎದುರಿಗೆ ಹೋಗಿ ನಿಂತು ಹೇಳುತ್ತೇನೆ. ಮಂಡಿ ನೋವಿದೆ, ಆದರೂ ಬರುತ್ತೇನೆ.

ಇದನ್ನು ಬರೆಯಲೋ ಬೇಡವೋ ಅಂತ ಪೆನ್ನು ಹಿಡಿದು ಕೂತೆ. ನೀನು "ಅದು ನಾನಲ್ಲ ಅಂದರೆ" ಅಂತ ಬರೆದಿದ್ದೀಯ. ಒಂದು ವೇಳೆ ನೀನೇ ಆಗಿದ್ದರೆ? ನಂಬಿಕೆಯಿಂದ ಯಾರಿಗೋ ಕಳಿಸಿದ್ದನ್ನು ಅವನು ಹೊರಗೆ ಬಿಟ್ಟಿದ್ದರೆ? ಆಗಲೂ ನನಗೇ ಫೋನ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಸರಿ. ಯಾಕೆ ಕಳಿಸಿದೆ ಅಂತ ನಾನು ಕೇಳುವುದಿಲ್ಲ.

ಈಗ ದನಿಯನ್ನೂ ನಕಲು ಮಾಡುತ್ತಾರಂತಲ್ಲ. ನೀನು ಚಿಕ್ಕವಳಿದ್ದಾಗ ನನ್ನ ಎನ್‌ಲಾರ್ಜರಿಗೆ ಒಂದು ಹೆಸರಿಟ್ಟಿದ್ದೆ. ಅದು ನಮ್ಮಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಭಾನುವಾರ ಫೋನ್ ಮಾಡಿದಾಗ ಮೊದಲು ಅದನ್ನೇ ಕೇಳುತ್ತೇನೆ. ನಗಬೇಡ.

ಇಂತಿ,
ನಿನ್ನ ಮಾಮ