ಭರ್ಜಿ ಹಿಡಿದವನ ಹಿಂದೆ ಗಿಟಾರ್: ಗೆಳೆಯನಿಗೊಂದು ಪತ್ರ

ಲೋ ಮಾರಾಯ,

ನಿನ್ನ ಮೆಸೇಜ್ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನೈಟ್‌ಗಳ, ಅಂದರೆ ಕವಚ ತೊಟ್ಟ ಕುದುರೆ ವೀರರ ಕತೆಯ 2001ರ ಇಂಗ್ಲಿಷ್ ಸಿನಿಮಾ 'ಎ ನೈಟ್ಸ್ ಟೇಲ್' ನೋಡೋಕೆ ಕೂತೆ, ಐದೇ ನಿಮಿಷಕ್ಕೆ ಆಫ್ ಮಾಡಿದೆ, 14ನೇ ಶತಮಾನದ ಜನ ನಮ್ಮ ಕಾಲದ ರಾಕ್ ಬ್ಯಾಂಡ್ ಕ್ವೀನ್‌ನ 'ವಿ ವಿಲ್ ರಾಕ್ ಯೂ' ಹಾಡಿಗೆ ಚಪ್ಪಾಳೆ ತಟ್ಟುತ್ತಾರೆ, ಇವರಿಗೆ ತಲೆ ನೆಟ್ಟಗಿದೆಯಾ ಅಂತ ಬರೆದಿದ್ದೀಯ. ಐದು ನಿಮಿಷ! ನಾನು ಆ ಸಿನಿಮಾನ ಎಷ್ಟು ಸಲ ನೋಡಿದ್ದೇನೆ ಅಂತ ಲೆಕ್ಕ ಇಟ್ಟಿಲ್ಲ. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ನನ್ನ ಮಾತು ಪೂರ್ತಿ ಆಗೋದೇ ಇಲ್ಲ. ಅದಕ್ಕೇ ಈ ಪತ್ರ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ. ನಿನ್ನ ಹೆಸರು ಎಲ್ಲೂ ಹೇಳಿಲ್ಲ.

ಮೊದಲು ನಿನ್ನ ದೂರಿಗೇ ಬರುತ್ತೇನೆ. ಎಲೆಕ್ಟ್ರಿಕ್ ಗಿಟಾರ್ ಆ ಕಾಲದ್ದಲ್ಲ. ಒಪ್ಪಿದೆ. ಆದರೆ ನಿನಗೆ ಇಷ್ಟವಾಗುವ ಗಂಭೀರ ಸಿನಿಮಾಗಳಲ್ಲಿ ಕುದುರೆ ಓಡುವಾಗ ಹಿಂದಿನಿಂದ ಎಪ್ಪತ್ತು ಎಂಬತ್ತು ಜನರ ಆರ್ಕೆಸ್ಟ್ರಾ ಉಕ್ಕಿ ಬರುತ್ತದಲ್ಲ, ಅದು ಆ ಕಾಲದ್ದಾ? ಈಗ ನಾವು ನೋಡುವ ಪಿಟೀಲು ಇಟಲಿಯಲ್ಲಿ ರೂಪ ಪಡೆದದ್ದೇ 16ನೇ ಶತಮಾನದಲ್ಲಿ. ಗುಂಡಿ ಒತ್ತಿ ಊದುವ ತುತ್ತೂರಿ ಬಂದದ್ದು 19ನೇ ಶತಮಾನದಲ್ಲಿ. ಭರ್ಜಿ ಕಾಳಗದ, ಅಂದರೆ ಇಬ್ಬರು ಕುದುರೆ ಮೇಲೆ ಭರ್ಜಿ ಹಿಡಿದು ಎದುರುಬದುರು ನುಗ್ಗುವ ಆಟದ ದಿನಗಳಲ್ಲಿ ಇದ್ದದ್ದು ಲೂಟ್ ಅನ್ನೋ ತಂತಿವಾದ್ಯ, ಶಹನಾಯಿಯ ಅಕ್ಕನ ಹಾಗಿರುವ ಒಂದು ಊದುವ ವಾದ್ಯ, ಮತ್ತೆ ಸೊಂಟಕ್ಕೆ ಕಟ್ಟಿಕೊಂಡು ಬಾರಿಸುವ ಜೋಡಿ ನಗಾರಿ. ಆ ನಗಾರಿಗೆ ಇಂಗ್ಲಿಷಿನಲ್ಲಿ ನೇಕರ್ಸ್ ಅನ್ನುತ್ತಿದ್ದರು. ಆ ಹೆಸರೂ ನಮ್ಮ ನಗಾರಿ ಅನ್ನೋ ಹೆಸರೂ ಒಂದೇ ಅರಬ್ಬಿ ಪದದಿಂದ ಬಂದವು ಅಂತ ಗೊತ್ತಾದ ದಿನ ನನಗೆ ಸುಮ್ನೆ ಖುಷಿಯಾಗಿತ್ತು. ಹೋಗಲಿ ಬಿಡು. ಹೇಳೋಕೆ ಹೊರಟಿದ್ದು ಇಷ್ಟೇ: ಪಿಟೀಲು ಇನ್ನೂರು ವರ್ಷ ತಪ್ಪು, ಗಿಟಾರ್ ಆರುನೂರು ವರ್ಷ ತಪ್ಪು. ಮೊದಲನೆಯ ತಪ್ಪು ಕೇಳಿ ಕೇಳಿ ನಮಗೆ ಅಭ್ಯಾಸವಾಗಿದೆ, ಅಷ್ಟೇ. ಮಾತಿನದ್ದೂ ಇದೇ ಕತೆ. ಪಾತ್ರಗಳ ಕೈಲಿ ಆ ಕಾಲದ ಇಂಗ್ಲಿಷನ್ನೇ ಆಡಿಸಿದ್ದರೆ ಇಂಗ್ಲೆಂಡಿನವರಿಗೇ ಅರ್ಥವಾಗುತ್ತಿರಲಿಲ್ಲ, ನಮಗೆ ಪಂಪನ ಪದ್ಯ ಟಿಪ್ಪಣಿ ಇಲ್ಲದೆ ಅರ್ಥವಾಗದ ಹಾಗೆ. ಅದರ ಬಗ್ಗೆ ನೀನು ಒಂದಕ್ಷರ ದೂರು ಹೇಳಿಲ್ಲ, ಗಮನಿಸಿದೆಯಾ?

ಆದರೆ ಎಲ್ಲವೂ ತಪ್ಪೇ, ಆದ್ದರಿಂದ ಏನು ಹಾಕಿದರೂ ನಡೆಯುತ್ತೆ ಅಂತ ನಾನು ಹೇಳುತ್ತಿಲ್ಲ. ಅದು ಸೋಮಾರಿ ವಾದ. ಕೆಲವು ಕಡೆ ಹೊಸ ಹಾಡು ಕೂರುತ್ತದೆ, ಕೆಲವು ಕಡೆ ಹಲ್ಲಿಗೆ ಸಿಕ್ಕ ಕಲ್ಲಿನ ಹಾಗೆ ಇರುತ್ತದೆ. ಯಾಕೆ ಅಂತ ತುಂಬಾ ದಿನ ತಲೆ ಕೆಡಿಸಿಕೊಂಡಿದ್ದೆ.

ನೀನು ಆಫ್ ಮಾಡಿದ ಆ ದೃಶ್ಯವನ್ನೇ ತಗೋ. ಭರ್ಜಿ ಕಾಳಗದ ಅಖಾಡ. ಸುತ್ತ ಮರದ ಅಟ್ಟಣಿಗೆ, ತುಂಬಾ ಜನ. ಹಾಡು ಮೇಲಿನಿಂದ ಬಂದು ಅವರ ತಲೆ ಮೇಲೆ ಬೀಳುವುದಿಲ್ಲ. ಅವರೇ ಅದನ್ನು ಬಾರಿಸುತ್ತಿದ್ದಾರೆ! ಕೈಯಲ್ಲಿ ಮರದ ಕಟಕಟೆ ಕುಟ್ಟುತ್ತಾರೆ, ಧಪ್ ಧಪ್, ಆಮೇಲೆ ಒಂದು ಚಪ್ಪಾಳೆ. ತಲೆ ಆಡಿಸುತ್ತಾರೆ, ಬಾಯಿ ಆಡಿಸುತ್ತಾರೆ. ಆಟ ಶುರುವಾಗಲಿ ಅಂತ ಕಾದು ಕಾದು ಬೇಸತ್ತ ಜನ ಯಾವ ಕಾಲದಲ್ಲಾದರೂ ಮಾಡುವುದು ಇದನ್ನೇ ಅಲ್ವಾ? ಇನ್ನೊಂದು ವಿಷಯ, ಆ ಹಾಡು ಹುಟ್ಟಿದ್ದೂ ಜನಜಂಗುಳಿಗಾಗಿಯೇ. 1977ರಲ್ಲಿ ಕ್ವೀನ್‌ನ ಗಿಟಾರ್ ವಾದಕ ಬ್ರಯಾನ್ ಮೇ ಅದನ್ನು ಬರೆದದ್ದು, ನಿಲ್ಲಲೂ ಜಾಗವಿಲ್ಲದೆ ಒತ್ತಿಕೊಂಡು ನಿಂತ ಜನ ತಮ್ಮ ಜೊತೆ ಏನು ಮಾಡಬಹುದು ಅಂತ ಯೋಚಿಸಿ. ಕಾಲು ಕುಟ್ಟಬಹುದು, ಚಪ್ಪಾಳೆ ತಟ್ಟಬಹುದು, ಹಾಡಬಹುದು. ಅದರಲ್ಲಿ ಡ್ರಮ್ ಸೆಟ್ ಇಲ್ಲವೇ ಇಲ್ಲ. ಸ್ಟುಡಿಯೋದಲ್ಲಿ ಹಲಗೆ ಮೇಲೆ ಕಾಲು ಕುಟ್ಟಿ, ಅದನ್ನೇ ಮತ್ತೆ ಮತ್ತೆ ರೆಕಾರ್ಡ್ ಮಾಡಿ, ಒಂದರ ಮೇಲೊಂದು ಸೇರಿಸಿ ದೊಡ್ಡ ಗುಂಪಿನ ಸದ್ದು ಮಾಡಿದರು. ಗಿಟಾರ್ ಬರುವುದು ಕೊನೆಯಲ್ಲಿ. ಅಂದರೆ ಆ ಹಾಡಿನ ಮುಕ್ಕಾಲು ಭಾಗಕ್ಕೆ ಬೇಕಾದ ವಾದ್ಯ ಹಲಗೆ ಮತ್ತು ಕಾಲು. ಅವೆರಡೂ 14ನೇ ಶತಮಾನದಲ್ಲಿ ಇದ್ದವಪ್ಪಾ!

ನನಗೆ ಹೊಳೆದದ್ದು ಇದು. ಹೊಸ ಹಾಡು ಸಿನಿಮಾದೊಳಗಿನ ಜನರ ಕಿವಿಗೂ ಕೇಳಬೇಕು. ಬರೀ ನಮಗೆ ಕೇಳಿಸಿದರೆ ಕೆಟ್ಟಿತು.

ಇದನ್ನು ನಾನು ಸಿನಿಮಾ ನೋಡಿ ಕಲಿತದ್ದಲ್ಲ, ಮರ್ಯಾದೆ ಕಳಕೊಂಡು ಕಲಿತದ್ದು. ಕಾಲೇಜಿನ ನಮ್ಮ ನಾಟಕ ಮರೆತುಹೋಯಿತಾ? ನೀನು ಸೇನಾಪತಿ. ಮರದ ಕತ್ತಿಗೆ ಬೆಳ್ಳಿ ಬಣ್ಣ ಬಳಿದಿದ್ದೆವು, ಅದು ಒಣಗದೆ ನಿನ್ನ ಅಂಗೈಯೆಲ್ಲಾ ಬೆಳ್ಳಿಯಾಗಿತ್ತು. ಯುದ್ಧದ ಸೀನಿಗೆ ರಾಕ್ ಹಾಡು ಹಾಕೋಣ ಅನ್ನೋ ಐಡಿಯಾ ನನ್ನದೇ. ಪರದೆ ಹಿಂದೆ ಕೂತು ಬಟನ್ ಒತ್ತಿದೆ. ಸ್ಪೀಕರ್ ಕಿತ್ತುಹೋಗುವ ಹಾಗೆ ಗಿಟಾರ್. ನೀವೆಲ್ಲ ಮಾತ್ರ ಪ್ರಾಕ್ಟೀಸ್ ಮಾಡಿದ ಹಾಗೇ, ಹಳೇ ನಿಧಾನದಲ್ಲಿ, ಒಂದು ಎರಡು ಮೂರು ಅಂತ ಎಣಿಸಿಕೊಂಡು ಕತ್ತಿ ಬೀಸುತ್ತಿದ್ದಿರಿ. ಹಾಡು ಒಂದು ಕಡೆ, ನೀವು ಒಂದು ಕಡೆ. ಅಷ್ಟರಲ್ಲಿ ನಿನ್ನ ಗುರಾಣಿಯ ಹಿಡಿ ಕಿತ್ತು ಬಂತು, ಗುರಾಣಿ ಉರುಳಿಕೊಂಡು ಹೋಗಿ ಮುಂದಿನ ಸಾಲಿನ ಕಾಲಡಿ ನಿಂತಿತು. ರಾಜ ಸಾಯುವಾಗ ಜನ ಬಿದ್ದು ಬಿದ್ದು ನಗುತ್ತಿದ್ದರು. ನಾನು ಹಾಡು ನಿಲ್ಲಿಸೋಕೆ ಹೋಗಿ ಸೌಂಡ್ ಇನ್ನೂ ಜಾಸ್ತಿ ಮಾಡಿದೆ. ಆ ರಾತ್ರಿ ನೀನು ನನ್ನ ಜೊತೆ ಮಾತಾಡಲಿಲ್ಲ. ಇವತ್ತಿಗೂ ಗಿಟಾರ್ ಸದ್ದು ಕೇಳಿದರೆ ನಿನಗೆ ಮೈ ಉರಿಯೋದು ಅದಕ್ಕೇ ಅಂತ ನನ್ನ ಅನುಮಾನ.

ನಮ್ಮದೇ ಈ ತಪ್ಪನ್ನು ದೊಡ್ಡವರೂ ಮಾಡಿದ್ದಾರೆ ಬಿಡು. 1985ರ 'ಲೇಡಿಹಾಕ್' ನೋಡು. ಎಂಥ ಕತೆ ಅದು! ಶಾಪದಿಂದಾಗಿ ಹಗಲೆಲ್ಲ ಅವಳು ಗಿಡುಗ, ರಾತ್ರಿಯೆಲ್ಲ ಅವನು ತೋಳ. ಇಬ್ಬರೂ ಮನುಷ್ಯರಾಗಿ ಎದುರು ನಿಲ್ಲುವ ಹಾಗೇ ಇಲ್ಲ. ಆ ಜೋಡಿಯಾಗಿ ರಟ್ಗರ್ ಹಾಯರ್, ಮಿಷೆಲ್ ಫೈಫರ್. ವಿಟ್ಟೋರಿಯೊ ಸ್ಟೊರಾರೊ ಕ್ಯಾಮೆರಾ, ಬೆಳಕು ನೋಡಿದರೆ ಕಣ್ಣು ತಂಪಾಗುತ್ತದೆ. ಕಪ್ಪು ಕುದುರೆ ಬೆಟ್ಟದ ಅಂಚಿನಲ್ಲಿ ಓಡುತ್ತಿರುವಾಗ ಸಿಂಥಸೈಜರ್ ಅನ್ನೋ ಎಲೆಕ್ಟ್ರಾನಿಕ್ ವಾದ್ಯ ಶುರುವಾಗುತ್ತದೆ ನೋಡು, ಯಾರೋ ಪಕ್ಕದ ಮನೆಯಲ್ಲಿ ಟೀವಿ ಹಾಕಿದ ಹಾಗೆ. ಆಂಡ್ರ್ಯೂ ಪವೆಲ್ ಸಂಗೀತ, ಆಲನ್ ಪಾರ್ಸನ್ಸ್ ನಿರ್ಮಾಣ, ಇಬ್ಬರೂ ಸಣ್ಣವರಲ್ಲ. ಸಂಗೀತ ಕೆಟ್ಟದ್ದು ಅಂತಲೂ ಅಲ್ಲ. ಆ ಕುದುರೆಗಾಗಲಿ, ಅದರ ಮೇಲೆ ಕೂತವನಿಗಾಗಲಿ ಅದು ಕೇಳಿಸುತ್ತಿಲ್ಲ. ಅದೇ ಸಿನಿಮಾದ ತಮಾಷೆ ಮಾತ್ರ ಚೆನ್ನಾಗಿ ಕೂತಿದೆ. ಜೈಲಿನಿಂದ ಚರಂಡಿಯಲ್ಲಿ ತೆವಳಿ ತಪ್ಪಿಸಿಕೊಂಡು ಬರುವ ಕಳ್ಳ ಹುಡುಗ ಮಾತುಮಾತಿಗೆ ದೇವರ ಜೊತೆ ಚೌಕಾಸಿ ಮಾಡುತ್ತಾನೆ, ಇದೊಂದು ಸಲ ಬಿಟ್ಟುಬಿಡು ಅನ್ನೋ ಥರ. ಆ ನಗು ಅವನ ಭಯದಿಂದಲೇ ಹುಟ್ಟಿದ್ದು.

ಈಗ 'ಎ ನೈಟ್ಸ್ ಟೇಲ್'ನ ಕುಣಿತಕ್ಕೆ ಬರುತ್ತೇನೆ. ನೀನು ಅಲ್ಲೀವರೆಗೂ ಹೋಗೇ ಇಲ್ಲವಲ್ಲ, ಅದಕ್ಕೆ ವಿವರವಾಗಿ ಹೇಳುತ್ತೇನೆ. ವಿಲಿಯಂ ಬಡವನ ಮಗ, ಕಳ್ಳ ಹೆಸರಿಟ್ಟುಕೊಂಡು ನೈಟ್ ಅಂತ ಓಡಾಡುತ್ತಿದ್ದಾನೆ. ಔತಣದಲ್ಲಿ ಅವನನ್ನು ಕಂಡರಾಗದ ಅಧೆಮಾರ್, ನಿಮ್ಮ ಸೀಮೆಯ ಕುಣಿತ ಒಂದು ತೋರಿಸಿ ಅನ್ನುತ್ತಾನೆ. ಆ ಸೀಮೆಗೆ ಇವನು ಕಾಲಿಟ್ಟವನೇ ಅಲ್ಲ. ಎಲ್ಲರೂ ನೋಡುತ್ತಿದ್ದಾರೆ. ಏನೋ ಒಂದು ಹೆಜ್ಜೆ ಹಾಕುತ್ತಾನೆ, ಅವನು ಮೆಚ್ಚಿದ ಹುಡುಗಿ ಜಾಸಲಿನ್ ಬಂದು ಜೊತೆಯಾಗುತ್ತಾಳೆ. ಶುರುವಿನಲ್ಲಿ ಹಳೇ ವಾದ್ಯ, ಹಳೇ ತಾಳ, ಬಗ್ಗಿ ನಮಸ್ಕಾರ ಮಾಡಿದಂಥ ನಡೆ. ನಿಧಾನಕ್ಕೆ ತಾಳದ ಅಡಿಯಲ್ಲಿ ಇನ್ನೊಂದು ತಾಳ ಏಳುತ್ತದೆ. ಭುಜ ಸಡಿಲವಾಗುತ್ತದೆ. ಯಾವ ಗಳಿಗೆಯಲ್ಲಿ ಅಂತ ಹೇಳೋಕಾಗಲ್ಲ, ಕೇಳಿಸುತ್ತಿರುವುದು ರಾಕ್ ಗಾಯಕ ಡೇವಿಡ್ ಬೋವಿಯ 1975ರ ಹಾಡು, ಇಡೀ ಸಭೆ ಕುಣಿಯುತ್ತಿದೆ. ಭಯ ಹೋಗಿ ಖುಷಿ ಬರುವುದನ್ನು ಮಾತಿಲ್ಲದೆ ತೋರಿಸಬೇಕಿತ್ತು, ಹಾಡು ಬದಲಾಗಿ ತೋರಿಸಿತು. ಲೂಟ್ ಒಂದನ್ನೇ ಕೊನೇವರೆಗೂ ನುಡಿಸಿದ್ದರೆ ನಾವು ಮ್ಯೂಸಿಯಂ ನೋಡುವವರ ಹಾಗೆ ಕೈಕಟ್ಟಿ ನಿಂತಿರುತ್ತಿದ್ದೆವು.

ತಮಾಷೆಯ ಬಗ್ಗೆಯೂ ನಿನ್ನ ತಕರಾರು ಇತ್ತಲ್ಲ, ಆ ಕಾಲದವರು ಹೀಗೆಲ್ಲ ಕೋಡಂಗಿ ಆಟ ಆಡುತ್ತಿರಲಿಲ್ಲ ಅಂತ. ಅಯ್ಯೋ! ಆ ಕಾಲದ ಕೈಬರಹದ ಪುಸ್ತಕಗಳ ಅಂಚು ನೋಡು. ಪೂರ್ತಿ ಕವಚ ತೊಟ್ಟ ನೈಟ್ ಒಬ್ಬ ಬಸವನಹುಳದ ಜೊತೆ ಕಾದಾಡುತ್ತಿರುತ್ತಾನೆ. ಒಂದಲ್ಲ ಎರಡಲ್ಲ, ಅಂಥ ಚಿತ್ರ ಎಷ್ಟೋ ಇವೆ. ಇನ್ನೊಂದು ಕೇಳು. ವಿಲಿಯಂ ಇಟ್ಟುಕೊಳ್ಳುವ ಕಳ್ಳ ಹೆಸರು ಉಲ್ರಿಕ್ ಫಾನ್ ಲಿಚ್‌ಟೆನ್‌ಸ್ಟೈನ್. ಈ ಹೆಸರಿನ ನೈಟ್ 13ನೇ ಶತಮಾನದಲ್ಲಿ ನಿಜವಾಗಿ ಇದ್ದ, ಕವಿಯೂ ಹೌದು. ಅವನೇ ಬರೆದುಕೊಂಡ ಪ್ರಕಾರ 1227ರಲ್ಲಿ ಪ್ರೇಮದೇವತೆ ವೀನಸ್ಸಿನ ಹಾಗೆ ಹೆಣ್ಣುವೇಷ ಹಾಕಿಕೊಂಡು, ವೆನಿಸ್ಸಿನಿಂದ ವಿಯೆನ್ನಾ ಕಡೆಗೆ ದಾರಿಯುದ್ದಕ್ಕೂ ಎದುರಾದವರ ಜೊತೆ ಕಾಳಗ ಮಾಡುತ್ತಾ ಹೋದ. ಒಂದು ತಿಂಗಳಲ್ಲಿ ಎದುರಾಳಿಗಳಿಗೆ ಗುದ್ದಿ 307 ಭರ್ಜಿ ಮುರಿದೆ ಅನ್ನುತ್ತಾನೆ. ತನ್ನ ಮೇಲೆ ಭರ್ಜಿ ಮುರಿದವರಿಗೆಲ್ಲ ಒಂದೊಂದು ಚಿನ್ನದ ಉಂಗುರವಂತೆ. ಇದನ್ನು ಯಾರಾದರೂ ಸಿನಿಮಾಕ್ಕೆ ಬರೆದಿದ್ದರೆ ನೀನು ಮೂರೇ ನಿಮಿಷಕ್ಕೆ ಆಫ್ ಮಾಡುತ್ತಿದ್ದೆ.

ಸಿನಿಮಾದಲ್ಲಿ 14ನೇ ಶತಮಾನದ ಹೆಸರಾಂತ ಇಂಗ್ಲಿಷ್ ಕವಿ ಚಾಸರ್ ಕೂಡ ಬರುತ್ತಾನೆ, ಮೈಮೇಲೆ ನೂಲೆಳೆ ಇಲ್ಲದೆ, ದಾರಿಯಲ್ಲಿ ನಡೆದುಕೊಂಡು. ಜೂಜಿನ ಚಟ. ಆಮೇಲೆ ವಿಲಿಯಂ ಹಿಂದೆ ಬಿದ್ದು ಅವನಿಗೆ ಬಹುಪರಾಕು ಕೂಗುವ ಕೆಲಸ ಹಿಡಿಯುತ್ತಾನೆ. ಪಾಲ್ ಬೆಟನಿ ಆ ಪಾತ್ರದಲ್ಲಿ ಬಾಕ್ಸಿಂಗ್ ರಿಂಗಿನಲ್ಲಿ ಮೈಕ್ ಹಿಡಿದವನ ಹಾಗೆ ಹೊಗಳಿಕೆ ಸುರಿಸುತ್ತಾನೆ. ಚಿತ್ರೀಕರಣ ನಡೆದದ್ದು ಪ್ರಾಗ್‌ನಲ್ಲಿ. ಗುಂಪಿನಲ್ಲಿದ್ದ ಅಲ್ಲಿನ ಜನಕ್ಕೆ ಇಂಗ್ಲಿಷ್ ಬಾರದು. ಒಂದು ಸಲ ಅವನು ಗಂಟಲು ಹರಿದುಕೊಂಡು ಭಾಷಣ ಮುಗಿಸಿದರೆ ಎಲ್ಲರೂ ಸುಮ್ಮನೆ ನೋಡುತ್ತಾ ನಿಂತರು. ಪಕ್ಕದಲ್ಲಿದ್ದ, ವಿಲಿಯಂನ ಸಂಗಡಿಗನ ಪಾತ್ರ ಮಾಡಿದ ಮಾರ್ಕ್ ಆಡಿ 'ಯೇ!' ಅಂತ ಒಂಟಿಯಾಗಿ ಕೂಗಿದ, ಆಗ ಗುಂಪು ಎಚ್ಚೆತ್ತು ಜೈಕಾರ ಹಾಕಿತು. ನಿರ್ದೇಶಕ ಬ್ರಯಾನ್ ಹೆಲ್ಗೆಲ್ಯಾಂಡ್ ಅದನ್ನೇ ಸಿನಿಮಾದಲ್ಲಿ ಉಳಿಸಿಕೊಂಡ. ಒಳ್ಳೆ ಕೆಲಸ ಮಾಡಿದ. ನಿಜವಾದ ಚಾಸರ್‌ಗೂ ಈ ಅಖಾಡಕ್ಕೂ ನಂಟಿತ್ತು, ಗೊತ್ತಾ? ರಾಜನ ಕಟ್ಟಡಗಳನ್ನು ನೋಡಿಕೊಳ್ಳುವ ಅಧಿಕಾರಿಯಾಗಿದ್ದಾಗ, 1390ರಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ಕಾಳಗಕ್ಕೆ ಜನ ಕೂರುವ ಅಟ್ಟಣಿಗೆ ಕಟ್ಟಿಸಿದ್ದು ಅವನೇ. ಜನ ಧಪ್ ಧಪ್ ಅಂತ ಕುಟ್ಟಿದ ಆ ಹಲಗೆ ನೆನೆದಾಗೆಲ್ಲ ನನಗೆ ಇದೂ ನೆನಪಾಗುತ್ತದೆ.

ಎಲ್ಲವೂ ಚೆನ್ನಾಗಿದೆ ಅಂತ ಸುಳ್ಳು ಹೇಳಲ್ಲ. ಕಮ್ಮಾರ ಹೆಂಗಸು ಕೇಟ್ ಹೊಸ ಕವಚ ಮಾಡಿ ಅದರ ಮೇಲೆ ಒಂದು ಗುರುತು ಹಾಕುತ್ತಾಳೆ, ಅದು ಹೆಸರುವಾಸಿ ಶೂ ಕಂಪನಿಯ ಗುರುತಿನ ಹಾಗೇ ಇದೆ. ನಕ್ಕೆ, ನಿಜ. ಆದರೆ ಆ ಜೋಕ್ ನಿರ್ದೇಶಕ ನನ್ನ ಕಿವಿಯಲ್ಲಿ ಹೇಳಿದ್ದು, ಕೇಟ್‌ಗೆ ಅದು ಗೊತ್ತೇ ಇಲ್ಲ. 1975ರ ಸಿನಿಮಾದಲ್ಲಿ ಬ್ರಿಟನ್ನಿನ ಹಾಸ್ಯ ತಂಡ ಮಾಂಟಿ ಪೈಥಾನ್‌ನವರು ಕುದುರೆಗೆ ದುಡ್ಡಿಲ್ಲದೆ ತೆಂಗಿನ ಚಿಪ್ಪು ಕುಟ್ಟಿಕೊಂಡು ಓಡಿದರಲ್ಲ, ಅಲ್ಲಿ ಕೋಟೆ ಮೇಲಿನ ಕಾವಲುಗಾರನೇ ರಾಜನನ್ನು ತಡೆದು, ಈ ಸೀಮೆಯಲ್ಲಿ ತೆಂಗಿನಕಾಯಿ ಎಲ್ಲಿಂದ ಬಂತು ಅಂತ ಕೇಳುತ್ತಾನೆ. ಒಳಗಿನವನಿಗೂ ಸದ್ದು ಕೇಳಿಸಿತು! ವಿಲಿಯಂ ಲಂಡನ್ನಿಗೆ ಬರುವಾಗ ಹಾಕಿದ ರಾಕ್ ಹಾಡೂ ಸುಮಾರು. ಆದರೆ ಅದಾದ ಮೇಲೆ ಅವನು ಅಪ್ಪನನ್ನು ಹುಡುಕಿಕೊಂಡು ಹೋಗುತ್ತಾನೆ. ಅಪ್ಪನಿಗೆ ಕಣ್ಣು ಹೋಗಿದೆ. ಅಲ್ಲಿ ಗಿಟಾರೂ ಇಲ್ಲ, ಜೋಕೂ ಇಲ್ಲ. ಎಲ್ಲಿ ಬಾಯಿ ಮುಚ್ಚಬೇಕು ಅಂತ ಗೊತ್ತಿದ್ದವರು ಮಾಡಿದ ಸಿನಿಮಾ ಅದು.

ಹಾ, ಭರ್ಜಿ ಮುರಿಯುವುದನ್ನು ಗಮನಿಸಿ ನೋಡು. ತುದಿ ಹಗುರಾದ ಬಾಲ್ಸಾ ಮರದ್ದು, ಒಳಗೆ ಟೊಳ್ಳು. ಚೂರು ಚೆನ್ನಾಗಿ ಚಿಮ್ಮಲಿ ಅಂತ ಟೊಳ್ಳಿನೊಳಗೆ ಮರದ ಚೂರಿನ ಜೊತೆ ಬೇಯಿಸದ ಪಾಸ್ತಾ ಕಡ್ಡಿ ತುಂಬಿದ್ದರು. ನಮಗೆ ಯಾಕೆ ಇಂಥದ್ದು ಹೊಳೆಯಲಿಲ್ಲ?

ಈ ಭಾನುವಾರ ಬರುತ್ತೇನೆ. ಮೊದಲಿನಿಂದ ಹಾಕೋಣ, ರಿಮೋಟ್ ನನ್ನ ಕೈಯಲ್ಲಿ. ಕುಣಿತದ ಸೀನ್ ಬಂದಾಗ ಹೊಸ ತಾಳ ಯಾವ ಹೆಜ್ಜೆಗೆ ಶುರುವಾಗುತ್ತದೆ ಅಂತ ನೀನೇ ಹೇಳು, ನನಗೆ ಇನ್ನೂ ಹಿಡಿಯೋಕೆ ಆಗಿಲ್ಲ. ಮತ್ತೆ ಆ ಬೆಳ್ಳಿ ಕತ್ತಿ ಇನ್ನೂ ನಿನ್ನ ಹತ್ರಾನೇ ಇದೆಯಲ್ವಾ? ಹುಡುಕಿ ಇಟ್ಟಿರು.

ನಿನ್ನ,
ಪರದೆ ಹಿಂದೆ ಬಟನ್ ಒತ್ತಿದವನು