ಮೊದಲು ಕಲ್ಲು, ಆಮೇಲೆ ಪಿನ್ನು

ಚಿ. ಸೌ. ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ನಿಮ್ಮಮ್ಮನದು ಎತ್ತುತ್ತೀಯ. ಇರಲಿ. ಮಾತಾಡಿದರೆ ಮತ್ತೆ ಜೋರಾಗುತ್ತೆ, ಬರೆದು ಕಳಿಸಿ ಅಂತ ಅವಳೇ ಹೇಳಿದಳು. ಹಾಳೆಯ ಫೋಟೋ ತೆಗೆದು ಪಕ್ಕದ ಮನೆ ಹುಡುಗ ಕಳಿಸುತ್ತಾನೆ. ಶನಿವಾರದೊಳಗೆ ಓದು. ಆ ಹಳೇ ಮಿನಿ ಕಾರನ್ನು ಟ್ರೈಲರ್ ಮೇಲೆ ತರುವುದು ಶನಿವಾರ ತಾನೇ?

ಅವತ್ತು ವಿಡಿಯೋ ಕಾಲ್‌ನಲ್ಲಿ ಅಷ್ಟು ಕೂಗಾಡಬಾರದಿತ್ತು. ಅಳಿಯಂದಿರ ಎದುರಿಗೆ, ಸಹಾಯಕ್ಕೆ ಬಂದಿದ್ದ ಆ ಪಕ್ಕದ ಮನೆಯವರ ಎದುರಿಗೆ. ಅವರಿಗೆ ಕನ್ನಡ ಬರುವುದಿಲ್ಲ ನಿಜ, ಆದರೂ ಬೈತಾ ಇದ್ದಾನೆ ಅಂತ ಯಾರಿಗಾದರೂ ಗೊತ್ತಾಗುತ್ತದೆ. ಆದರೆ ಕಣವ್ವ, ನೀನು ನಕ್ಕೆಯಲ್ಲ, ಅಲ್ಲೇ ನನಗೆ ತಡೆಯಲಾಗಲಿಲ್ಲ. ಕಾರಿನಿಂದ ಬಿಚ್ಚಿದ್ದ ಟ್ರೈಲರ್ ಇಳಿಜಾರಿನಲ್ಲಿ ತಾನಾಗಿ ಇಳಿದು ಬಂದು ಆ ಮರದ ದಿಮ್ಮಿಯ ಗೋಡೆಗೆ ಗುದ್ದಿ ನಿಂತಿತು. ಪಕ್ಕದಲ್ಲೇ ನೀನು, ಕಾಲಿಗೆ ಹವಾಯಿ ಚಪ್ಪಲಿ. ‘ಏನೂ ಆಗಿಲ್ಲಪ್ಪ, ಮಡ್‌ಗಾರ್ಡ್ ಸ್ವಲ್ಪ ಬೆಂಡಾಯ್ತು ಅಷ್ಟೇ’ ಅಂದೆ. ಫೋನ್ ಅಳಿಯಂದಿರ ಕೈಯಲ್ಲಿತ್ತು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ಟ್ರೈಲರ್ ಮೇಲೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗ ಕಡಿಮೆಯಾಗಿದೆ.

ನೀವು ಮೊದಲು ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಇದ್ದಾಗ ಈ ಯೋಚನೆಯೇ ಇರಲಿಲ್ಲ. ಅಲ್ಲಿ ನೆಲ ನಮ್ಮ ಗದ್ದೆ ಬಯಲಿನಂತೆ ಸಮ. ಅದೇ ಊರಿನ ಎಲ್ತಮ್‌ಗೆ ಹೋದ ಮೇಲೆ ಗುಡ್ಡ, ಮರ, ತಿರುವು. ಮನೆ ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ರಸ್ತೆಯಿಂದ ಗ್ಯಾರೇಜಿಗೆ ಇಳಿಯುವ ಆ ದಾರಿ, ಅರ್ಧದಲ್ಲಿ ಎಡಕ್ಕೆ ತಿರುಗುವ ಜಾಗ, ಅದನ್ನು ನೋಡಿದ ಕೂಡಲೇ ನನಗೆ ಆಲೆಮನೆ ಓಣಿ ನೆನಪಾಯಿತು.

ದೊಡ್ಡಪ್ಪನ ಕಾಲಿನ ವಿಷಯ ಮತ್ತೆ ತೆಗೆಯುವುದಿಲ್ಲ. ಆಸ್ಪತ್ರೆ, ಆಮೇಲಿನದ್ದು, ಎಲ್ಲ ನೀನೂ ನೋಡಿದ್ದೀಯ. ಆದರೆ ಅದಕ್ಕೆ ಮುಂಚೆ ಓಣಿಯಲ್ಲಿ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ನೀನು ಸ್ಕೂಲಿನಲ್ಲಿದ್ದೆ.

ನಮ್ಮ ಟ್ರೈಲರ್‌ಗೆ ಅಂತಲೇ ಒಂದು ಕಲ್ಲು ಇತ್ತು. ಸೈಜುಗಲ್ಲು ಒಡೆದಾಗ ಉಳಿದ ತುಂಡು. ಒಂದು ಕಡೆ ಓರೆಯಾಗಿ ಒಡೆದಿತ್ತು, ಚಕ್ರದ ಕೆಳಗೆ ಗಟ್ಟಿಯಾಗಿ ಕೂರುತ್ತಿತ್ತು. ದೊಡ್ಡಪ್ಪನೇ ಆರಿಸಿ ತಂದದ್ದು. ಎತ್ತಲು ಅನುಕೂಲವಾಗಲಿ ಅಂತ ಬೈಂಡಿಂಗ್ ವೈರ್ ಸುತ್ತಿ ಹಿಡಿ ಮಾಡಿದ್ದ. ಅದರ ಜಾಗ ಟ್ರ್ಯಾಕ್ಟರಿನ ಟೂಲ್ ಬಾಕ್ಸ್ ಪಕ್ಕ. ಅವತ್ತು ಅದು ಅಲ್ಲಿರಲಿಲ್ಲ. ಹಿಂದಿನ ಸಂಜೆ ಮೋಡ ಕವಿದಿತ್ತು. ಒಲೆಗೆ ಒಣಗಿಸಿದ್ದ ಕಬ್ಬಿನ ಸಿಪ್ಪೆ ನೆನೆಯಬಾರದು ಅಂತ ಆಲೆಮನೆಯವರು ಟಾರ್ಪಲ್ ಹೊದಿಸಿದ್ದರು. ಗಾಳಿಗೆ ಹಾರದಿರಲಿ ಅಂತ ಮೂಲೆಯ ಮೇಲೆ ಯಾರೋ ಈ ಕಲ್ಲು ಇಟ್ಟಿದ್ದರು.

ಕಬ್ಬು ತುಂಬಿದ ನಾಲ್ಕು ಚಕ್ರದ ಟ್ರೈಲರ್. ಓಣಿಯ ತಿರುವಿನಲ್ಲಿ ಕೊಟ್ಟಿಗೆ ಗೋಡೆಗೆ ತಗುಲಿಕೊಂಡಿತು. ಹಿಂದಕ್ಕೂ ಹೋಗದು, ಮುಂದಕ್ಕೂ ಬರದು. ಟ್ರ್ಯಾಕ್ಟರ್ ಬಿಚ್ಚಿಕೊಂಡು ಬೇರೆ ಕಡೆಯಿಂದ ಸರಪಳಿ ಹಾಕಿ ಎಳೆಯೋಣ ಅಂತ ಮಾತಾಯಿತು. ಗೋಡೆಗೂ ಟ್ರೈಲರ್‌ಗೂ ಎಷ್ಟು ಜಾಗ ಇದೆ ಅಂತ ನೋಡಲು ದೊಡ್ಡಪ್ಪ ಇಳಿಜಾರಿನ ಕೆಳಗಡೆ ಹೋಗಿ ನಿಂತ. ‘ಕಲ್ಲೆಲ್ಲಿ?’ ಅಂತ ಕೇಳಿದ. ಅದು ನನ್ನ ಕಿವಿಗೆ ಬಿತ್ತು. ಯಾರೋ ‘ತರ್ತಾವ್ನೆ, ತರ್ತಾವ್ನೆ’ ಅಂದರು. ಹುಡುಗ ತರಲು ಹೋಗಿದ್ದ ಕೂಡ. ಅಷ್ಟರಲ್ಲಿ ಇನ್ನೊಬ್ಬ, ಕಲ್ಲು ಬಂದಿದೆ ಅಂದುಕೊಂಡು, ಟ್ರೈಲರನ್ನು ಟ್ರ್ಯಾಕ್ಟರಿಗೆ ಸಿಕ್ಕಿಸಿದ್ದ ಪಿನ್ನು ತೆಗೆಯಲು ಹೋದ. ಪಿನ್ನು ಬಿಗಿಯಾಗಿತ್ತು. ಕೆಳಗಿನಿಂದ ಸುತ್ತಿಗೆಯಲ್ಲಿ ಹೊಡೆದ.

ಪಿನ್ನು ಬಿಗಿ ಇದೆ ಅಂದರೆ ಟ್ರೈಲರ್ ಎಳೆಯುತ್ತಿದೆ ಅಂತ ಅರ್ಥ. ಅದು ಕಬ್ಬಿಣ ಕೊಡುವ ಉತ್ತರ. ಸಡಿಲವಾಗಿ ಕೈಗೆ ಬಂದರೆ ಮಾತ್ರ ತೆಗೆಯಬೇಕು. ನಿನ್ನ ಕಾರಿನ ಹಿಂದಿರುವ ಕಬ್ಬಿಣದ ಗುಂಡು, ಅದೇ ಬಾಲ್, ಅದರ ಮೇಲೆ ಕೂರುವ ಕೊಂಡಿಗೂ ಇದೇ ಮಾತು. ಎತ್ತಿದರೆ ಬರಲಿಲ್ಲವಾ, ಒದೆಯಬೇಡ, ಹೊಡೆಯಬೇಡ. ಬಿಟ್ಟು, ಹಿಂದೆ ಹೋಗಿ ಚಕ್ರ ನೋಡು.

ನಾನು ಟ್ರ್ಯಾಕ್ಟರ್ ಸೀಟಿನ ಮೇಲಿದ್ದೆ. ಸದ್ದಾಗಲಿಲ್ಲ. ಇಂಜಿನ್ ಇರುವುದು ನಮ್ಮ ಹತ್ತಿರ, ಟ್ರೈಲರ್‌ಗೆ ಏನಿದೆ ಸದ್ದು ಮಾಡಲು? ತಿರುಗಿ ನೋಡುವಷ್ಟರಲ್ಲಿ ಅದು ಒಂದು ಮಾರು ಆಚೆ ಇತ್ತು. ಆಗಲೇ ಆ ಹುಡುಗ ವೈರ್ ಹಿಡಿದು ಕಲ್ಲು ತೂಗಾಡಿಸಿಕೊಂಡು ಬಂದ. ಟಾರ್ಪಲ್ ಮೂಲೆಗೆ ಬೇರೆ ಕಲ್ಲು ಇಟ್ಟಿದ್ದರೆ? ಅಲ್ಲಿ ಎಷ್ಟು ಕಲ್ಲು ಬಿದ್ದಿತ್ತು ಗೊತ್ತಾ, ಇದನ್ನೇ ಯಾಕೆ ತೆಗೆದುಕೊಂಡರು? ಹಿಡಿ ಇತ್ತಲ್ಲ, ಎತ್ತಲು ಸಲೀಸು, ಅದಕ್ಕೇ ಇರಬೇಕು. ದೊಡ್ಡಪ್ಪ ಆ ಹಿಡಿ ಮಾಡದೇ ಇದ್ದಿದ್ದರೆ ಕಲ್ಲು ಅದರ ಜಾಗದಲ್ಲೇ ಇರುತ್ತಿತ್ತೇನೋ. ರಾತ್ರಿ ನೀರಿನ ಪಾಳಿ ಬಂದಾಗ ಗದ್ದೆಗೆ ಹೋಗಿ ಕೂತರೆ ನನಗೆ ಇದೇ ಲೆಕ್ಕ. ನಿಮ್ಮಮ್ಮನಿಗೆ ಹೇಳಿದರೆ ಬಿಡಿ ಅನ್ನುತ್ತಾಳೆ. ಮತ್ತೆ ಅಲ್ಲಿಗೇ ಹೋದೆ ನೋಡು.

ಈಗ ನಿನ್ನ ಟ್ರೈಲರ್‌ಗೆ ಬರೋಣ. ಖಾಲಿ ತೂಕ 700 ಕೆಜಿ ಅಂದಿದ್ದೆ. ನೀನು ಕಳಿಸಿದ ಫೋಟೋದಲ್ಲಿ ಪ್ಲೇಟ್ ದೊಡ್ಡದು ಮಾಡಿ ಓದಿದೆ, ಎಟಿಎಂ 2000 ಕೆಜಿ ಅಂತ ಇದೆ. ಅಂದರೆ ಟ್ರೈಲರೂ ಸರಕೂ ಸೇರಿ ಅಷ್ಟು ಮೀರಬಾರದು. ದಾರಿ 10 ಅಡಿಗೆ 1 ಅಡಿ ಇಳಿದರೆ ತೂಕದ ಹತ್ತರಲ್ಲೊಂದು ಪಾಲು ಕೆಳಕ್ಕೆ ಎಳೆಯುತ್ತದೆ. ಖಾಲಿ ಟ್ರೈಲರ್ ಸುಮಾರು 70 ಕೆಜಿ ಎಳೆಯುತ್ತದೆ. ನಿಂತಲ್ಲೇ ನಿಂತಿರುವ ತನಕ ಇಬ್ಬರು ತಡೆಯಬಹುದು. ಮಿನಿ ಸುಮಾರು 650 ಕೆಜಿ. ಅದು ಮೇಲೆ ಕೂತರೆ ಒಟ್ಟು 1350, ಎಳೆತ 135. ಒಂದು ಸಲ ಹೊರಟಿತು ಅಂದರೆ ಮೂರು ಜನ ಇದ್ದರೂ ನಿಲ್ಲುವುದಿಲ್ಲ. ನಿಮ್ಮ ದಾರಿ ಇದಕ್ಕಿಂತ ಕಡಿದು ಅಂತ ನನ್ನ ಕಣ್ಣಿಗೆ ಕಂಡಿತು.

ಹ್ಯಾಂಡ್‌ಬ್ರೇಕ್ ಎಳೆದಿದ್ದೆ ಅಂದೆ. ಹಳೇ ಟ್ರೈಲರ್, ಕೇಬಲ್ ಸಡಿಲವಾಗಿರುತ್ತದೆ. ಸಮತಟ್ಟಿನಲ್ಲಿ ಎಳೆದು, ತಳ್ಳಿ ನೋಡು, ಚಕ್ರ ತಿರುಗಿದರೆ ಮೆಕ್ಯಾನಿಕ್‌ಗೆ ತೋರಿಸು. ಇನ್ನು ಆ ಓವರ್‌ರೈಡ್ ಬ್ರೇಕ್. ಸರಕು ಸೇರಿ 750 ಕೆಜಿ ದಾಟಿದರೆ ಬ್ರೇಕ್ ಇರಲೇಬೇಕು ಅಂತ ನಿಮ್ಮಲ್ಲಿ ಕಾನೂನು ಇದೆ, ಒಳ್ಳೆಯದು. ಆದರೆ ಅದು ಕೆಲಸ ಮಾಡುವುದು ಟ್ರೈಲರ್ ಕಾರನ್ನು ಮುಂದಕ್ಕೆ ತಳ್ಳಿದಾಗ. ಗ್ಯಾರೇಜಿನ ಕಡೆ ಹಿಂದಕ್ಕೆ ಇಳಿಸುವಾಗ ಟ್ರೈಲರ್ ಕಾರನ್ನು ತಳ್ಳುವುದಿಲ್ಲ, ಎಳೆಯುತ್ತದೆ. ಆಗ ಆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಎಲ್ಲ ಭಾರ ಕಾರಿನ ಬ್ರೇಕ್ ಮೇಲೆ. ಏರಿನಲ್ಲಿ ಹಿಂದಕ್ಕೆ ತಳ್ಳಿದರೆ ಅದೇ ಬ್ರೇಕ್ ಬೇಡದಿದ್ದರೂ ಹಿಡಿದುಕೊಳ್ಳುತ್ತದೆ. ಅದಕ್ಕೇ ಕೊಂಡಿ ಹತ್ತಿರ ಒಂದು ಲಾಕ್ ಕೊಟ್ಟಿರುತ್ತಾರೆ. ರಿವರ್ಸ್ ಮುಗಿದ ಮೇಲೆ ಆ ಲಾಕ್ ತೆಗೆಯುವುದು ಮರೆತರೆ ರಸ್ತೆಯಲ್ಲಿ ಟ್ರೈಲರ್‌ಗೆ ಬ್ರೇಕೇ ಇರುವುದಿಲ್ಲ.

ಅವತ್ತು ತಿರುವಿನಲ್ಲಿ ಕೈಯಲ್ಲಿ ತಿರುಗಿಸಲು ಹೋದಿರಲ್ಲ, ಅದು ಯಾಕೆ ಜಗ್ಗಲಿಲ್ಲ ಗೊತ್ತಾ? ನಮ್ಮ ಟ್ರೈಲರ್‌ನಲ್ಲಿ ಮುಂದಿನ ಚಕ್ರ ಮೂಕಿಯ ಜೊತೆ ತಿರುಗುತ್ತದೆ. ನಿನ್ನದರಲ್ಲಿ ನಾಲ್ಕೂ ನಡುವೆ ಜೋಡಿಯಾಗಿ ಕೂತಿವೆ, ಯಾವುದೂ ತಿರುಗುವುದಿಲ್ಲ. ಕೋನ ಬದಲಿಸಬೇಕಾದರೆ ಟೈರ್ ಪಕ್ಕಕ್ಕೆ ಉಜ್ಜಿಕೊಂಡೇ ಹೋಗಬೇಕು. ಸಮ ನೆಲ ಇದ್ದರೆ ಮುಂದಿನ ಪುಟ್ಟ ಜಾಕಿ ಚಕ್ರವನ್ನು ಸುತ್ತಿ ಮೂತಿ ಎತ್ತು. ಮುಂದಿನ ಜೋಡಿಯ ಮೇಲಿನ ಭಾರ ಕಡಿಮೆಯಾಗುತ್ತದೆ, ಹಿಂದಿನ ಜೋಡಿಯ ಮೇಲೆ ತಿರುಗಿಸಬಹುದು. ಜಲ್ಲಿ ಇದ್ದರೆ ಜಾಕಿ ಚಕ್ರ ಹೂತುಹೋಗುತ್ತದೆ, ಕೆಳಗೆ ಪ್ಲೈವುಡ್ ತುಂಡು ಹಾಕು. ಇಳಿಜಾರಿನಲ್ಲಿ ಇದ್ಯಾವುದೂ ಬೇಡ. ಇಳಿಜಾರಿನಲ್ಲಿ ಕಾರಿನಿಂದ ಬಿಚ್ಚಲೇಬೇಡ.

ರಿವರ್ಸ್ ಹಾಕುವುದು ನಿನಗೆ ಹೇಳಿಕೊಡಬೇಕಾಗಿಲ್ಲ. ಅವತ್ತು ಬೆಳಿಗ್ಗೆ ಕಳಿಸಿದ್ದೆಯಲ್ಲ, ರಸ್ತೆಯಿಂದ ಎರಡು ಕಾರುಗಳ ನಡುವೆ ನುಗ್ಗಿಸಿದ ವಿಡಿಯೋ, ಅದನ್ನು ಹಾಲಿನ ಡೇರಿ ಹತ್ತಿರ ಎಲ್ಲರಿಗೂ ತೋರಿಸಿದೆ. ಸ್ಟೇರಿಂಗಿನ ಕೆಳಗಡೆ ಕೈ ಇಟ್ಟು, ಟ್ರೈಲರ್ ಹಿಂಬದಿ ಎತ್ತ ಹೋಗಬೇಕೋ ಅತ್ತ ಕೈ ಸರಿಸಿದ್ದೀಯ. ಸ್ವಲ್ಪ ಸ್ವಲ್ಪವೇ. ಕೋನ ಜಾಸ್ತಿಯಾದ ಕೂಡಲೇ ಮುಂದಕ್ಕೆ ಎಳೆದು ನೇರ ಮಾಡಿಕೊಂಡಿದ್ದೀಯ. ಅದು ಎಷ್ಟು ಜನ ಡ್ರೈವರ್‌ಗಳಿಗೆ ಬರುವುದಿಲ್ಲ ಗೊತ್ತಾ, ಮೊಂಡು ಹಿಡಿದು ಹಿಂದಕ್ಕೇ ತಳ್ಳಿ ಟ್ರೈಲರ್ ಮಡಚಿಸಿಬಿಡುತ್ತಾರೆ. ಕಬ್ಬು ಹೊಡೆಯುವ ನಮ್ಮ ಹುಡುಗರೇ ‘ಯಾರಣ್ಣ ಇದು, ನಿಮ್ಮ ಮಗಳಾ’ ಅಂತ ಕೇಳಿದರು. ಹೌದು ಅಂದೆ. ಗೋಡೆಗೆ ಗುದ್ದಿದ್ದು ಯಾರಿಗೂ ಹೇಳಿಲ್ಲ.

ಸೈಡು ಹೇಳುವವರು ಒಬ್ಬರೇ ಇರಲಿ. ಅವತ್ತು ಮೂರು ಜನ ಮೂರು ಕಡೆಯಿಂದ ‘ರೈಟ್, ಲೆಫ್ಟ್, ಹೋಲ್ಡಾನ್’ ಅಂತ ಕೂಗುತ್ತಿದ್ದರು, ನಾನು ನಾಲ್ಕನೆಯವನು. ಸೈಡು ಹೇಳುವವರು ನಿನ್ನ ಕನ್ನಡಿಯಲ್ಲಿ ಕಾಣಬೇಕು. ಕಾಣಲಿಲ್ಲವಾ, ಬ್ರೇಕ್ ಒತ್ತು, ಇಳಿದು ಹುಡುಕು. ಟ್ರೈಲರ್‌ಗೂ ಗೋಡೆಗೂ ನಡುವೆ ಯಾರೂ ನಿಲ್ಲಬಾರದು. ಕೆಳಗಡೆ ಅಂತೂ ನಿಲ್ಲಲೇಬಾರದು.

ಮಿನಿ ಹತ್ತಿಸುವುದು ಮಾರುವವರ ಮನೆಯಲ್ಲಿ, ಸಮ ಜಾಗದಲ್ಲಿ, ಕಾರಿಗೆ ಸಿಕ್ಕಿಸಿಕೊಂಡೇ. ಮಿನಿ ಹಿಂದಿನಿಂದ ಹತ್ತುವಾಗ ಟ್ರೈಲರ್ ಬಾಲ ಕುಗ್ಗಿ ಮೂತಿ ಮೇಲೇಳಲು ನೋಡುತ್ತದೆ. ಒಟ್ಟು ತೂಕದ ಹತ್ತರಲ್ಲೊಂದು ಪಾಲು ಬಾಲ್ ಮೇಲೆ ಇರುವಂತೆ ನಿಲ್ಲಿಸು. ಹಿಂದೆ ಭಾರ ಜಾಸ್ತಿಯಾದರೆ ರಸ್ತೆಯಲ್ಲಿ ಟ್ರೈಲರ್ ಆಚೆ ಈಚೆ ತೂಗಾಡಲು ಶುರುವಾಗುತ್ತದೆ. ಮನೆಗೆ ತಂದ ಮೇಲೆ ಗ್ಯಾರೇಜ್ ತನಕ ಇಳಿಸಲೇಬೇಕು ಅಂತ ಹಟ ಯಾಕೆ? ಮೇಲೆ ಗೇಟಿನ ಒಳಗೆ ಸಮ ಜಾಗ ಇದೆಯಲ್ಲ, ಟ್ರೈಲರ್ ಅಲ್ಲೇ ಇರಲಿ. ಮಿನಿಯೊಂದನ್ನು ಇಳಿಸಿ, ಮೇಲಿನಿಂದ ಕೈವಿಂಚ್, ಅಂದರೆ ಕೈಯಲ್ಲಿ ಸುತ್ತುವ ಕೇಬಲ್ ರಾಟೆ, ಹಾಕಿ ನಿಧಾನಕ್ಕೆ ಬಿಡು. ಕೈವಿಂಚ್‌ಗೆ ದುಡ್ಡು ದಂಡ ಅನ್ನಬೇಡ. ಹಳೇ ಕಾರಿಗೆ ಸುರಿಯುವಾಗ ಲೆಕ್ಕ ನೋಡಿದೆಯಾ? ಆ ಕಾರು ಯಾಕೆ ಬೇಕಿತ್ತು ಅಂತ ಕೇಳಬೇಕು ಅಂತಿದ್ದೆ. ನಿಮ್ಮಮ್ಮ ಆ ಮಾತು ಬೇಡ ಅಂದಿದ್ದಾಳೆ. ಬಿಟ್ಟೆ.

ಚಕ್ರಕ್ಕೆ ಒತ್ತು ಕೊಡುವ ಚಾಕ್, ಕಟ್ಟಿಗೆಯದಾಗಲಿ, ಅಂಗಡಿಯ ರಬ್ಬರಿನದಾಗಲಿ, ಎರಡು ತೆಗೆದುಕೊಂಡು ಟ್ರೈಲರ್‌ಗೇ ಸರಪಳಿಯಲ್ಲಿ ಕಟ್ಟು. ಬೇರೆ ಯಾವ ಕೆಲಸಕ್ಕೂ ಬಿಚ್ಚಲು ಆಗಬಾರದು. ಬಾಗಿಲಿಗೆ ಒತ್ತು ಕೊಡಲು, ಕುಂಡ ಓರೆಯಾದರೆ ಇಡಲು, ಟಾರ್ಪಲ್ ಹಾರದಿರಲು, ಯಾವುದಕ್ಕೂ.

ದೊಡ್ಡಪ್ಪನಿಗೆ ನಿನ್ನ ವಿಡಿಯೋ ತೋರಿಸಿದೆ. ಎರಡು ಸಲ ಹಾಕಿಸಿ ನೋಡಿದ. ‘ಚಕ್ರಕ್ಕೆ ಏನು ಕೊಡ್ತಾಳೆ ಕೇಳು’ ಅಂದ. ಹಾಗಾಗಿ ಇದು ನನ್ನೊಬ್ಬನ ಪ್ರಶ್ನೆ ಅಲ್ಲ.

ಶನಿವಾರ ನಿಮ್ಮ ಬೆಳಿಗ್ಗೆ 10 ಅಂದರೆ ನಮಗೆ 5.30, ನಾನು ಎದ್ದಿರುತ್ತೇನೆ. ಕಾಲ್ ಮಾಡು, ಬಾಯಿ ಬಿಡದೆ ಸುಮ್ನೆ ನೋಡುತ್ತೇನೆ. ಫೋನ್ ಮಾತ್ರ ಅಳಿಯಂದಿರ ಕೈಗೆ ಕೊಡಬೇಡ, ಕಾಂಪೌಂಡ್ ಮೇಲೆ ಒರಗಿಸಿಡು. ಚಕ್ರಕ್ಕೆ ಚಾಕ್ ಕೊಡುವುದು ಅವರ ಕೆಲಸ.

ಇಂತಿ,
ನಿನ್ನಪ್ಪ