ಪರರ ಪರ ಅರ್ಜಿ: ಬಾಗಿಲು ಕಿರಿದಾಗದಿರಲಿ

ಮಾನ್ಯ ಸಂಪಾದಕರೇ,

ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ಮಾತು ಬಂದಾಗಲೆಲ್ಲ ‘ನೊಂದವರೇ ಸುಮ್ಮನಿರುವಾಗ ಇವರಿಗೇನು ಸಂಬಂಧ?’ ಎಂಬ ತಕರಾರು ಏಳುತ್ತದೆ. ಹರಿಯಾಣದ ಫರಿದಾಬಾದ್ ಕಲ್ಲುಗಣಿಗಳಲ್ಲಿ ಜೀತಕ್ಕೆ ಸಿಲುಕಿದ್ದ ಕಾರ್ಮಿಕರ ಪರವಾಗಿ ಜೀತವಿಮುಕ್ತಿಗೆ ದುಡಿಯುವ ಬಂಧುವಾ ಮುಕ್ತಿ ಮೋರ್ಚಾ ಸಂಘಟನೆ 1982ರಲ್ಲಿ ಬರೆದ ಪತ್ರವನ್ನು ಸುಪ್ರೀಂ ಕೋರ್ಟ್ ರಿಟ್ ಅರ್ಜಿಯೆಂದೇ ಸ್ವೀಕರಿಸಿದಾಗಲೂ ಸರ್ಕಾರ ಇದೇ ತಕರಾರು ತೆಗೆದಿತ್ತು. ನ್ಯಾಯಾಲಯ ಇಬ್ಬರು ವಕೀಲರನ್ನು ಆಯುಕ್ತರನ್ನಾಗಿ ನೇಮಿಸಿ ಗಣಿಗಳಿಗೆ ಕಳುಹಿಸಿ ಕಾರ್ಮಿಕರ ಸ್ಥಿತಿಗತಿಯ ವರದಿ ತರಿಸಿಕೊಂಡಿತು. 1983ರ ಡಿಸೆಂಬರ್‌ನಲ್ಲಿ ಕೊಟ್ಟ ತೀರ್ಪಿನಲ್ಲಿ ತಕರಾರನ್ನು ತಳ್ಳಿಹಾಕಿತು. ಬಡತನದಿಂದಲೋ ಅಸಹಾಯಕತೆಯಿಂದಲೋ ನ್ಯಾಯಾಲಯಕ್ಕೆ ಬರಲಾಗದವರ ಪರವಾಗಿ, ಸ್ವಾರ್ಥವಿಲ್ಲದ ಯಾವ ನಾಗರಿಕನೂ ಅರ್ಜಿ ಹಾಕಬಹುದೆಂದು 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅದಕ್ಕೂ ಮೊದಲೇ ಹೇಳಿದ್ದರು.

ಶಹಾಬಾದ್, ಚಿತ್ತಾಪುರ ಕಡೆಯ ಫರಸಿ ಕಲ್ಲಿನ ಗಣಿಗಳನ್ನು ಬಲ್ಲ ನಮಗೆ ಇದು ದೂರದ ಸಂಗತಿಯಲ್ಲ. ಮುಂಗಡ ಪಡೆದು ದುಡಿಯುವ ಕೂಲಿಕಾರ ಅದೇ ಮಾಲೀಕನ ವಿರುದ್ಧ ತನ್ನ ಹೆಸರಿನಲ್ಲೇ ಅರ್ಜಿ ಹಾಕಲಿ ಎನ್ನುವುದು, ಅರ್ಜಿಯೇ ಬೇಡ ಎಂದಂತೆ. ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿಯಾಗಿಯೂ 2013ರಲ್ಲಿ ಕಾಯಂ ಆಗಿಯೂ ಕಲಬುರಗಿಗೆ ಬಂದದ್ದು ದೊಡ್ಡ ಅನುಕೂಲವೇ ಹೌದು. ಆದರೆ ಪುಣೆ, ಮುಂಬೈಗೆ ಗುಳೆ ಹೋದ ಕುಟುಂಬಕ್ಕೆ ಆ ಪೀಠವೂ ದೂರವೇ.

ಪ್ರಚಾರಕ್ಕಾಗಿ, ಹಗೆ ತೀರಿಸಿಕೊಳ್ಳಲು ಹಾಕುವ ಅರ್ಜಿಗಳಿಲ್ಲವೆಂದಲ್ಲ. ಅಂಥವನ್ನು ಆರಂಭದಲ್ಲೇ ಸೋಸಲು, ದಂಡ ಹಾಕಲು ಬಲವಂತ್ ಸಿಂಗ್ ಚೌಫಾಲ್ ಪ್ರಕರಣದ 2010ರ ಮಾರ್ಗಸೂಚಿಗಳಿವೆ. ಇದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆಯೇ ಇದೆ. ಮಹಿಳೆಯರ ಪ್ರವೇಶ ಕುರಿತ ಶಬರಿಮಲೆ ಪ್ರಕರಣದ 2018ರ ಭಿನ್ನಮತದ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ, ಭಕ್ತರಲ್ಲದವರು ಆ ದೇವಸ್ಥಾನದ ಆಚರಣೆಯನ್ನು ಪ್ರಶ್ನಿಸಲಾಗದು ಎಂದರು. ಅವರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನ್ಯಾಯಾಲಯಕ್ಕೆ ಬರಲು ಇಷ್ಟವಿಲ್ಲದವರು ಬೇರೆ, ಬರಲು ಆಗದವರು ಬೇರೆ. ಮೊದಲಿನವರ ಬಗ್ಗೆ ಹುಟ್ಟಿದ ವಾದವನ್ನು ಜೀತದಾಳಿಗೆ, ಮಲಗುಂಡಿಗೆ ಇಳಿಯುವ ಪೌರಕಾರ್ಮಿಕನಿಗೆ ಅನ್ವಯಿಸಿದರೆ ಅವರ ಪಾಲಿಗೆ, ಹಕ್ಕುಗಳ ರಕ್ಷಣೆಗೆ ಸುಪ್ರೀಂ ಕೋರ್ಟ್, ಹೈಕೋರ್ಟ್‌ಗಳ ಮೊರೆ ಹೋಗಲು ದಾರಿ ಕೊಡುವ ಸಂವಿಧಾನದ 32 ಮತ್ತು 226ನೇ ವಿಧಿಗಳು ಕಾಗದದಲ್ಲೇ ಉಳಿಯುತ್ತವೆ.

ಹಾಗೆಂದು ಪರರ ಪರ ಹಾಕಿದ ಅರ್ಜಿ ಅರ್ಜಿದಾರರ ಸ್ವತ್ತಾಗಬಾರದು. 1988ರಲ್ಲಿ ಪತ್ರಕರ್ತೆ ಶೀಲಾ ಬರ್ಸೆ, ಜೈಲುಗಳಲ್ಲಿದ್ದ ಮಕ್ಕಳ ಪರವಾಗಿ ಹಾಕಿದ್ದ ತಮ್ಮ ಅರ್ಜಿಯನ್ನು ಹಿಂಪಡೆಯಲು ಕೋರಿದಾಗ ಸುಪ್ರೀಂ ಕೋರ್ಟ್ ಒಪ್ಪದೆ, ಕಾನೂನು ನೆರವು ಸಮಿತಿಯ ಮೂಲಕ ಪ್ರಕರಣವನ್ನು ಮುಂದುವರಿಸಿತು. ಅದೇ ಎಚ್ಚರ ಇಲ್ಲಿಯೂ ಬೇಕು. ಯಾರದೋ ಪರವಾಗಿ ಅರ್ಜಿ ಬಂದಾಗ ಅದನ್ನು ಅರ್ಜಿ ಹಾಕಲು ಇವರಿಗೆ ಅರ್ಹತೆಯಿದೆಯೇ ಎಂಬ ಪ್ರಶ್ನೆಯಲ್ಲೇ ಮುಗಿಸದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರನ್ನು ಸ್ಥಳಕ್ಕೆ ಕಳುಹಿಸಿ, ಕೆಲಸಗಾರರು ಆಡುವ ಕನ್ನಡ, ಉರ್ದು, ತೆಲುಗಿನಲ್ಲೇ, ಮಾಲೀಕರ ಕಡೆಯವರಿಲ್ಲದಾಗ ಹೇಳಿಕೆ ಪಡೆಯುವ ಕ್ರಮವನ್ನು ಕಲಬುರಗಿ ಪೀಠ ರೂಢಿಗೆ ತರಬೇಕೆಂದು ವಿನಂತಿಸುತ್ತೇನೆ.

— ಓರ್ವ ಓದುಗ, ಕಲಬುರಗಿ